ಮಲೆನಾಡಿನ ಮಳೆಗಾಲದಲ್ಲಿ ಎಪೆ ಟೆಸ್ಟ್ ಬಾಕ್ಸ್: ತುಂಬಾ ದಿನ ಬಳಸಿದ ಮೇಲೆ ಅನಿಸಿದ್ದು

ಫೆನ್ಸಿಂಗ್ (ಕತ್ತಿವರಸೆಯ ಆಟ) ಸಾಮಾನು ಮಾರುವವರ ಹತ್ತಿರ ಸಿಗುವ, ಕತ್ತಿಯ ವೈರಿಂಗ್ ಪರೀಕ್ಷಿಸುವ ಸಣ್ಣ ಟೆಸ್ಟ್ ಬಾಕ್ಸ್ ಇದು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಳಗೆ 9 ವೋಲ್ಟ್ ಬ್ಯಾಟರಿ, ಹೊರಗೆ ಮೂರು ಪಿನ್ನಿನ ಸಾಕೆಟ್‌ಗಳು, ಮೂರು ದೀಪ, ಒಂದು ಬಜರ್. ಮಗಳು ಶಿವಮೊಗ್ಗದಲ್ಲಿ ಎಪೆ ಆಡುತ್ತಾಳೆ. ತುದಿ ಎದುರಾಳಿಗೆ ಒತ್ತಿದರೆ ಅಂಕದ ದೀಪ ಹೊತ್ತುವ ಕತ್ತಿ ಅದು. ಅವಳದ್ದೂ ಅವಳ ಜೊತೆಯ ಮಕ್ಕಳದ್ದೂ ಆಯುಧ ಕೆಟ್ಟರೆ ನನ್ನ ಕೈಗೇ ಬರುತ್ತದೆ. ಹಾಗಾಗಿ ಈ ಬಾಕ್ಸ್ ಕಪಾಟಿನಲ್ಲಿ ಕೂತದ್ದೇ ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಾಕ್ಸ್ ಒಳ್ಳೆಯದು, ಆದರೆ ಅದೊಂದೇ ಸಾಲದು. ತೊಂದರೆ ಇದೆ ಅಂತ ಅದು ಹೇಳುತ್ತದೆ. ಎಲ್ಲಿದೆ ಅಂತ ತಿಳಿಯಲು ವಿದ್ಯುತ್ ತಡೆ ಅಳೆಯುವ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೀಟರ್ ಆದರೂ ಸಾಕು.

ಬಾಕ್ಸ್ ಅತಿ ಚೆನ್ನಾಗಿ ಮಾಡುವ ಕೆಲಸ ಬಾಡಿ ಕಾರ್ಡ್ ಪರೀಕ್ಷೆ. ಆಟಗಾರರ ಜಾಕೆಟ್ ಒಳಗಿಂದ ಹೋಗಿ ಕತ್ತಿಯನ್ನು ಅಂಕದ ಯಂತ್ರದ ಕಡೆಗೆ ಜೋಡಿಸುವ ವೈರ್ ಇದು. ಕಾರ್ಡಿನ ಎರಡೂ ತುದಿ ಸಿಕ್ಕಿಸಿದರೆ ಮೂರು ದೀಪವೂ ಹೊತ್ತಬೇಕು. ಆಮೇಲೆ ಪ್ಲಗ್ ಹತ್ತಿರ ವೈರನ್ನು ಹಿಡಿದು ಅತ್ತಿತ್ತ ಬಾಗಿಸಿ. ಒಂದು ದೀಪ ಮಿಣುಕಿದರೂ ಆ ಕಾರ್ಡನ್ನು ಪಕ್ಕಕ್ಕಿಡಿ. ಎಪೆಯ ದೀಪ ಹೊತ್ತಲಿಲ್ಲ ಎಂದ ಕೂಡಲೇ ಎಲ್ಲರೂ ತುದಿ ಬಿಚ್ಚಲು ಹೋಗುತ್ತಾರೆ. ನಾನು ನೋಡಿದಂತೆ ಜಾಸ್ತಿ ಸಲ ತಪ್ಪು ಕಾರ್ಡಿನದ್ದೇ, ಅದರಲ್ಲೂ ಗಾರ್ಡಿನ (ಕೈ ಕಾಯುವ ಲೋಹದ ಬಟ್ಟಲು) ಒಳಗೆ ಕೂರುವ ಪ್ಲಗ್ಗಿನದು. ತುಂಡಾದ ಕಡೆ ಕತ್ತರಿಸಿ, ವೈರಿನ ತುದಿ ಸುಲಿದು, ಪ್ಲಗ್ ಒಳಗಿನ ಸ್ಕ್ರೂಗೆ ಮತ್ತೆ ಬಿಗಿದರೆ ಆಯಿತು. ಬೆಸುಗೆ ಬೇಕಾಗಿಲ್ಲ.

ಕಾರ್ಡ್ ಸರಿಯಿದ್ದರೆ ಆಯುಧಕ್ಕೆ ಬನ್ನಿ. ಎಪೆಯ ಸಾಕೆಟ್ಟಿನಲ್ಲಿ ಮೂರು ತೂತುಗಳ ನಡುವಿನ ಅಂತರ ಒಂದೇ ಇಲ್ಲ: ಒಂದು ಕಡೆ 15 ಮಿಲಿಮೀಟರ್, ಇನ್ನೊಂದು ಕಡೆ 20. ಹತ್ತಿರ ಇರುವ ಎರಡರಿಂದ ವೈರುಗಳು ಬ್ಲೇಡಿನ ಕಾಲುವೆಯೊಳಗೆ ತುದಿಯವರೆಗೆ ಹೋಗುತ್ತವೆ. ದೂರದ್ದು ಗಾರ್ಡಿಗೆ ಸೇರುತ್ತದೆ. ತುದಿ ಒತ್ತಿದಾಗ ಮಾತ್ರ ಮೊದಲ ಎರಡು ಕೂಡಬೇಕು. ಆಗ ಮೀಟರಿನಲ್ಲಿ ವಿದ್ಯುತ್ ತಡೆ 2 ಓಮ್ ದಾಟಬಾರದು. ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ ಬರುವ ಸಂಖ್ಯೆಯನ್ನು ಕಳೆಯುವುದು ಮರೆಯಬೇಡಿ. ಒತ್ತಿದರೂ ಕೂಡದಿದ್ದರೆ ವೈರ್ ತುಂಡಾಗಿದೆ, ಇಲ್ಲವೇ ತುದಿ ಕೊಳಕಾಗಿದೆ. ಬ್ಲೇಡ್ ಬಾಗಿಸಿದಾಗ ಮಾತ್ರ ಸಂಪರ್ಕ ಬಿಟ್ಟರೆ ವೈರೇ ಅಂತ ಲೆಕ್ಕ. ಒತ್ತದೇ ಕೂಡಿದರೆ ಸ್ಪ್ರಿಂಗ್ ಸೋತಿದೆ, ಅಥವಾ ಎಲ್ಲೋ ವೈರಿನ ಹೊದಿಕೆ ಸವೆದು ಒಂದಕ್ಕೊಂದು ತಾಗುತ್ತಿದೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆಗುಂಬೆ, ಹೊಸನಗರದ ಕಡೆಯವರಿಗೆ ಇನ್ನೂ ಕಷ್ಟ. ಬೆವರಿದ ಜಾಕೆಟ್ ಜೊತೆ ಎಪೆಯನ್ನು ಅದೇ ಚೀಲದಲ್ಲಿ ರಾತ್ರಿಯಿಡೀ ಬಿಟ್ಟರೆ ಬ್ಲೇಡಿಗೆ ತುಕ್ಕು, ತಾಮ್ರದ ಬಿಂದುಗಳಿಗೆ ಹಸಿರು ಕಿಲುಬು. ಬಾಕ್ಸಿನ ದೊಡ್ಡ ಕೊರತೆ ನನಗೆ ಕಂಡದ್ದು ಇಲ್ಲೇ. ಕಿಲುಬು ಹಿಡಿದು ತಡೆ ಏರಿದ್ದರೂ ಇದರ ದೀಪ ಚೆನ್ನಾಗಿಯೇ ಹೊತ್ತುತ್ತದೆ, ಬಜರ್ ಕೂಗುತ್ತದೆ. ಮೀಟರ್ ಮಾತ್ರ ನಿಜ ಹೇಳುತ್ತದೆ. ಸಂಖ್ಯೆ ಏರುತ್ತಾ ಬಂದರೆ ತುದಿಯ ಎರಡು ಸಣ್ಣ ಸ್ಕ್ರೂ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಎಲ್ಲ ಹರಡಿ, ಒಳಗಿನ ಬಿಂದುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ. ಎಣ್ಣೆ ಹಾಕುವುದಿಲ್ಲ, ಅದು ಧೂಳು ಹಿಡಿಯುತ್ತದೆ. ಜೋಡಿಸಿದ ಮೇಲೆ 750 ಗ್ರಾಂ ತೂಕವನ್ನು ಸ್ಪ್ರಿಂಗ್ ಎತ್ತಬೇಕು. ಪಂದ್ಯದಲ್ಲಿ ರೆಫರಿ ನೋಡುವುದೂ ಅದನ್ನೇ. ತುದಿಯ ಚಲನೆ ಅಳೆಯಲು 1.5 ಮತ್ತು 0.5 ಮಿಲಿಮೀಟರ್ ಗೇಜ್ (ಅಳತೆಪಟ್ಟಿ) ಬೇರೆ ಇದೆ. ತೂಕ, ಗೇಜ್ ಎರಡೂ ಬಾಕ್ಸಿನ ಜೊತೆ ನನಗೆ ಬಂದಿರಲಿಲ್ಲ, ಬೇರೆಯಾಗಿ ತರಿಸಿಕೊಂಡೆ.

ಗಾರ್ಡನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇದು ನನಗೆ ಬೇಸರದ ವಿಷಯ. ಎದುರಾಳಿಯ ತುದಿ ನಿಮ್ಮ ಗಾರ್ಡಿಗೆ ತಾಗಿದರೆ ಅವರ ದೀಪ ಹೊತ್ತಬಾರದು. ಆದರೆ ನಿಮ್ಮ ಗಾರ್ಡ್ ತುಕ್ಕು ಹಿಡಿದಿದ್ದರೆ ದೀಪ ಹೊತ್ತಿಬಿಡುತ್ತದೆ, ಅಂಕ ಅವರಿಗೆ ಹೋಗುತ್ತದೆ! ನಿಮ್ಮ ಆಯುಧದ ಕೊಳೆಗೆ ನೀವೇ ಅಂಕ ಕಳೆದುಕೊಂಡಂತೆ ಅಲ್ವಾ? ದೂರದ ತೂತಿನಲ್ಲಿ ಒಂದು ಕಡ್ಡಿ ಇಟ್ಟು, ಇನ್ನೊಂದನ್ನು ಗಾರ್ಡಿನ ಮೇಲೆ ಬೇರೆ ಬೇರೆ ಕಡೆ ತಾಗಿಸಿ ನೋಡಿ. ಸಂಖ್ಯೆ ಹೆಚ್ಚಿದ ಜಾಗವನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ.

ಬಾಕ್ಸಿನ ಬಾಳಿಕೆ ಬಗ್ಗೆ ದೂರಿಲ್ಲ. ಸ್ವಿಚ್ ಸ್ವಲ್ಪ ಬಿಗಿಯಾಗಿದೆ, ಅಷ್ಟೇ. ಮಳೆ ಹಿಡಿದ ಮೇಲೆ ಬಳಸದ ದಿನ ಬ್ಯಾಟರಿ ತೆಗೆದಿಡಿ.

ಫೆನ್ಸಿಂಗ್‌ನಲ್ಲಿ ಎಪೆ ಅಲ್ಲದೆ ಫಾಯಿಲ್, ಸೇಬರ್ ಅಂತ ಇನ್ನೆರಡು ಬಗೆಯ ಕತ್ತಿಗಳಿವೆ. ಫಾಯಿಲ್ ಆಡುವವರು ಕೊಳ್ಳುವ ಮುಂಚೆ ಅದಕ್ಕೂ ಸಾಕೆಟ್ ಇದೆಯೇ ಅಂತ ಕೇಳಿ. ಫಾಯಿಲ್‌ನಲ್ಲಿ ಎಲ್ಲ ಉಲ್ಟಾ: ಸರ್ಕ್ಯೂಟ್ ಯಾವಾಗಲೂ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ, ತೂಕ 500 ಗ್ರಾಂ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭವಾನಿ ದೇವಿ ಆಡಿದ್ದನ್ನು ನೋಡಿ ಸೇಬರ್ ಹಿಡಿದ ಮಕ್ಕಳಿದ್ದರೆ ಈ ಬಾಕ್ಸ್ ಬೇಡವೇ ಬೇಡ. ಸೇಬರ್ ತುದಿಯಲ್ಲಿ ಗುಂಡಿಯೇ ಇಲ್ಲ, ಬ್ಲೇಡಿನೊಳಗೆ ವೈರೂ ಇಲ್ಲ. ಕೆಡುವುದು ಬಾಡಿ ಕಾರ್ಡ್, ಮಾಸ್ಕಿನ ಕ್ಲಿಪ್ ವೈರ್, ಲೋಹದ ಎಳೆಯ ಜಾಕೆಟ್. ಅದಕ್ಕೆಲ್ಲ ಮಲ್ಟಿಮೀಟರ್ ಒಂದೇ ಸಾಕು.