ಗುರುತ್ವವನ್ನು ಆರಿಸಿ ನೋಡಿದಾಗ: ಫೆಟ್‌ನ ‘ಗ್ರ್ಯಾವಿಟಿ ಅಂಡ್ ಆರ್ಬಿಟ್ಸ್’

ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆಯ ಪಾಠ ಮಾಡುವಾಗಲೆಲ್ಲ ನನಗೆ ಎದುರಾಗುವ ತೊಡಕು ಒಂದೇ. ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಸೂರ್ಯ ಅಷ್ಟು ಬಲವಾಗಿ ಸೆಳೆಯುತ್ತಿದ್ದರೂ ಭೂಮಿ ಹೋಗಿ ಅದಕ್ಕೆ ಬೀಳುವುದಿಲ್ಲವೇಕೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಈ ಮೌನವನ್ನು ಮುರಿಯಲು ನಾನು ಬಳಸಿ ನೋಡಿದ ಸಾಧನಗಳಲ್ಲಿ ಫೆಟ್‌ನ ‘ಗ್ರ್ಯಾವಿಟಿ ಅಂಡ್ ಆರ್ಬಿಟ್ಸ್’ ಎಂಬ ಕಂಪ್ಯೂಟರ್ ಮಾದರಿಗೆ ಸಮನಾದದ್ದು ಇನ್ನೊಂದಿಲ್ಲ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿರುವ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ (PhET) ಎಂಬ ಯೋಜನೆಯ ಫಲವಿದು. ಬಳಕೆ ಉಚಿತ, ಬ್ರೌಸರ್ ಒಂದಿದ್ದರೆ ಸಾಕು.

ಪರದೆಯ ಮೇಲೆ ಸೂರ್ಯ, ಅದರ ಸುತ್ತ ಭೂಮಿ. ಬಲವನ್ನೂ ವೇಗವನ್ನೂ ತೋರಿಸುವ ಬಾಣಗಳನ್ನು ಬೇಕಾದಾಗ ಮೂಡಿಸಬಹುದು. ಬಲದ ಬಾಣ ಸದಾ ಸೂರ್ಯನತ್ತ, ವೇಗದ ಬಾಣ ಅದಕ್ಕೆ ಅಡ್ಡಲಾಗಿ. ಇವೆರಡೂ ಒಟ್ಟೊಟ್ಟಿಗೆ ತಿರುಗುತ್ತ ಸಾಗುವುದನ್ನು ಒಂದು ನಿಮಿಷ ಸುಮ್ಮನೆ ನೋಡಿದವರಿಗೆ, ಕರಿಹಲಗೆಯ ಮೇಲೆ ನಾನು ವರ್ಷಗಟ್ಟಲೆ ಬರೆದ ವೃತ್ತಗಳು ಹೇಳದ್ದು ಅರ್ಥವಾಗುತ್ತದೆ. ಭೂಮಿ ಬೀಳದೆ ಇಲ್ಲ. ಪ್ರತಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಸೂರ್ಯನ ಕಡೆಗೆ ಬೀಳುತ್ತಲೇ ಇದೆ, ಆದರೆ ಅದೇ ಸೆಕೆಂಡಿನಲ್ಲಿ ಸುಮಾರು 30 ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಇದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಗುರುತ್ವವನ್ನು ಆರಿಸುವ, ಅಂದರೆ ಆಫ್ ಮಾಡುವ, ಅನುಕೂಲ. ಆರಿಸುವ ಮೊದಲು ಭೂಮಿ ಎತ್ತ ಹೋಗುತ್ತದೆ ಎಂದು ಕೇಳಿದೆ. ತರಗತಿಯ ಬಹುಪಾಲು ಮಕ್ಕಳು ಸೂರ್ಯನಿಂದ ನೇರ ಆಚೆಗೆ ಎಂದು ಕೈ ತೋರಿಸಿದರು. ಆರಿಸಿದಾಗ ಭೂಮಿ ಆ ಕ್ಷಣದಲ್ಲಿ ಮುಖ ಮಾಡಿದ್ದ ದಿಕ್ಕಿಗೇ ಗೆರೆ ಎಳೆದಂತೆ ಹೊರಟಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಕವಣೆ ಬಿಟ್ಟಾಗ ಕಲ್ಲು ಹೋಗೋದೂ ಹಿಂಗೇ” ಎಂದ. ಜೋಳದ ಹೊಲ ಕಾದ ಅನುಭವ ಅವನದು. ಕೇಂದ್ರಾಭಿಮುಖ ಬಲಕ್ಕೆ, ಅಂದರೆ ಸುತ್ತುವ ವಸ್ತುವನ್ನು ಕೇಂದ್ರದತ್ತ ಎಳೆಯುವ ಬಲಕ್ಕೆ, ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನಲ್ಲಿಯೂ ಇರಲಿಲ್ಲ.

ದ್ರವ್ಯರಾಶಿಯನ್ನು ಬದಲಿಸುವ ಜಾರುಪಟ್ಟಿಗಳನ್ನು ಅವಸರವಿಲ್ಲದೆ ಬಳಸಬೇಕು. ಭೂಮಿಯ ದ್ರವ್ಯರಾಶಿಯನ್ನು ಎರಡರಷ್ಟು ಮಾಡಿದರೆ ಬಲದ ಬಾಣ ಎರಡರಷ್ಟಾಗುತ್ತದೆ, ಕಕ್ಷೆ ಮಾತ್ರ ಇದ್ದ ಹಾಗೆಯೇ ಉಳಿಯುತ್ತದೆ. ಎಳೆಯುವ ಬಲ ಹೆಚ್ಚಿದಷ್ಟೇ ತಿರುಗಿಸಬೇಕಾದ ದ್ರವ್ಯವೂ ಹೆಚ್ಚಿತಲ್ಲ. ಸೂರ್ಯನ ದ್ರವ್ಯರಾಶಿಯನ್ನು ಎರಡರಷ್ಟು ಮಾಡಿದರೆ ಕಥೆ ಬೇರೆ: ಭೂಮಿ ಮೊದಲಿನ ದೂರದ ಮೂರನೇ ಒಂದು ಭಾಗದವರೆಗೂ ಒಳನುಗ್ಗಿ ಮರಳುವ ದೀರ್ಘವೃತ್ತ ಹಿಡಿಯುತ್ತದೆ. ಅರ್ಧಕ್ಕೆ ಇಳಿಸಿದರೆ, ಇದ್ದ ವೇಗವೇ ವಿಮೋಚನಾ ವೇಗಕ್ಕೆ (ಸೆಳೆತದಿಂದ ಪೂರ್ತಿ ಬಿಡಿಸಿಕೊಳ್ಳಲು ಬೇಕಾದ ವೇಗಕ್ಕೆ) ಸಮನಾಗಿ ಭೂಮಿ ಕೈಬಿಟ್ಟು ಹೋಗುತ್ತದೆ. ಈ ಕೊನೆಯದನ್ನು ಸೂತ್ರದಿಂದ ಎರಡು ಸಾಲಿನಲ್ಲಿ ಸಾಧಿಸಿ ತೋರಿಸಬಹುದು, ತೋರಿಸಬೇಕು ಕೂಡ.

ಕೊರತೆಗಳಿಲ್ಲವೆಂದಲ್ಲ. ಬಾಣಗಳ ಉದ್ದವನ್ನು ಹೋಲಿಸಬಹುದೇ ಹೊರತು ಬಲ ಎಷ್ಟು ನ್ಯೂಟನ್ ಎಂಬ ಅಂಕಿ ಸಿಗುವುದಿಲ್ಲ. ಅದಕ್ಕೆ ಇದೇ ಯೋಜನೆಯ ‘ಗ್ರ್ಯಾವಿಟಿ ಫೋರ್ಸ್ ಲ್ಯಾಬ್’ ಬೇಕಾಗುತ್ತದೆ. ಮೊದಲ ಪರದೆಯಲ್ಲಿ ಗೋಳಗಳನ್ನು ಬಹಳ ಹಿಗ್ಗಿಸಿ ತೋರಿಸಿರುವುದರಿಂದ, ನಿಜವಾದ ಅಳತೆಯ ಎರಡನೇ ಪರದೆಯನ್ನು ತೋರಿಸದೆ ಪಾಠ ಮುಗಿಸುವುದು ತಪ್ಪಾಗುತ್ತದೆ. ಅಲ್ಲಿ ಭೂಮಿ ಚುಕ್ಕೆಯಾಗಿ ಕರಗಿಹೋಗುವುದನ್ನು ಕಂಡಾಗಲೇ ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರ ಎಂಬ ಮಾತಿಗೆ ತೂಕ ಬರುತ್ತದೆ.

ಬಾಹ್ಯಾಕಾಶ ನಿಲ್ದಾಣದ ದೃಶ್ಯವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಿಲ್ದಾಣದಲ್ಲಿರುವವರು ತೇಲುವುದು ಅಲ್ಲಿ ಗುರುತ್ವವಿಲ್ಲದ್ದರಿಂದ ಎಂಬ ನಂಬಿಕೆ ದೊಡ್ಡವರಲ್ಲಿಯೂ ಗಟ್ಟಿಯಾಗಿದೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ವೇಗೋತ್ಕರ್ಷ ನೆಲದ 9.8 ಮೀ/ಸೆ²ಗೆ ಬದಲು 8.7ರ ಆಸುಪಾಸಿನಲ್ಲಿರುತ್ತದೆ, ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹಾಗೇ ಉಳಿದಿದೆ. ಈ ದೃಶ್ಯದಲ್ಲಿ ಗುರುತ್ವವನ್ನು ಆರಿಸಿದೆವು. ನಿಲ್ದಾಣ ಭೂಮಿಯನ್ನು ಬಿಟ್ಟು ನೇರ ಗೆರೆಯಲ್ಲಿ ಹೊರಟುಹೋಯಿತು. ‘ಅಲ್ಲಿ ಗುರುತ್ವವಿಲ್ಲ’ ಎಂದು ವಾದಿಸುತ್ತಿದ್ದ ಹುಡುಗಿ ಬಂದು ತಾನೇ ಗುಂಡಿ ಒತ್ತಿ ಇನ್ನೆರಡು ಬಾರಿ ನೋಡಿದಳು.