ಬ್ರೂನೋನನ್ನು ಕರೆತರುತ್ತಿದ್ದ ಥೆರಪಿ ನಾಯಿ ಸೇವೆ: ಐದಕ್ಕೆ ಐದು

ಅಮ್ಮ ಇರುವ ವೃದ್ಧಾಶ್ರಮಕ್ಕೆ ಇವರು ಥೆರಪಿ ನಾಯಿ, ಅಂದರೆ ಹಿರಿಯರಿಗೆ, ರೋಗಿಗಳಿಗೆ ಸಮಾಧಾನ ಕೊಡಲೆಂದು ಪಳಗಿಸಿದ ನಾಯಿ, ಕರೆತರುತ್ತಾರೆ. ಪೂರ್ತಿ ಅಂಕ ಕೊಡುತ್ತಿದ್ದೇನೆ, ಅದರಲ್ಲಿ ದೊಡ್ಡ ಪಾಲು ಬ್ರೂನೋನದು. ಅವನು ಈಗಿಲ್ಲ.

ಅವನು ಆಟ ಗೀಟ ಏನೂ ತೋರಿಸುತ್ತಿರಲಿಲ್ಲ. ಸುಮ್ನೆ ಬಂದು ಗಾಲಿಕುರ್ಚಿಗೆ ಒತ್ತಿಕೊಂಡು ನಿಂತು, ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಅವಳು ಸವರುವುದನ್ನು ನಿಲ್ಲಿಸುವ ತನಕ ಅಲ್ಲಾಡದೆ ಇರುತ್ತಿದ್ದ. ಪಾರ್ಶ್ವವಾಯು ಹೊಡೆದ ಮೇಲೆ ವ್ಯಾಯಾಮಕ್ಕೂ ಎತ್ತದ ಬಲಗೈಯನ್ನು ಅವನಿಗಾಗಿ ಎತ್ತುತ್ತಿದ್ದಳು! ಅಮೆರಿಕದ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್, ತಮ್ಮ ನಾಯಿ ಜಿಂಗಲ್ಸ್ ಜೊತೆಗಿದ್ದರೆ ಮಕ್ಕಳು ಸುಲಭವಾಗಿ ಬೆರೆಯುತ್ತಾರೆ ಅಂತ 1960ರ ದಶಕದಲ್ಲೇ ಬರೆದಿದ್ದರು. ನಾನು ಅದನ್ನು ಅಮ್ಮನಲ್ಲಿ ಕಂಡೆ.

ಸೇವೆಯ ಬಗ್ಗೆ ಹೇಳಬೇಕೆಂದರೆ, ನಾಯಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿಯೇ ಕರೆತರುತ್ತಾರೆ. ಲಸಿಕೆಯ ದಾಖಲೆ ಕೇಳುವ ಮೊದಲೇ ತೋರಿಸುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ನಾಯಿಯ ಮೇಲಿನ ಕಾಳಜಿ. ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು ನಾಯಿಗೆ ಒತ್ತಡವಾಗಿರುವ ಗುರುತು ಇರಬಹುದು, ಅಲ್ವಾ? ಬ್ರೂನೋ ಹಾಗೆ ಮಾಡಿದರೆ, ಯಾರು ಎಷ್ಟೇ ಕೇಳಿಕೊಂಡರೂ, ಅವತ್ತಿನ ಭೇಟಿ ಅಲ್ಲಿಗೆ ಮುಗಿಯಿತು.

ಅವನು ತೀರಿಕೊಂಡಾಗ ಫೋನಿನಲ್ಲಿ ಹೇಳಿ ಮುಗಿಸಲಿಲ್ಲ. ಅವನನ್ನು ಸಾಕಿದವರೇ ಬಂದು, ಹಿರಿಯರ ಜೊತೆ ಕೂತು, ಎಲ್ಲರ ಜೊತೆ ತಾವೂ ಅತ್ತರು. ‘ಎಲ್ಲೋ ದೂರ ಹೋಗಿದ್ದಾನೆ’ ಅಂತ ಸುಳ್ಳು ಹೇಳಲಿಲ್ಲ. ಅಮ್ಮನಿಗೆ ಅವನ ಫೋಟೋ ಕೊಟ್ಟರು. ಬೇರೆ ನಾಯಿ ಕರೆತರಲೇ ಎಂದು ಕೇಳಿದ್ದಾರೆ, ಅಮ್ಮ ಇನ್ನೂ ಹೂಂ ಅಂದಿಲ್ಲ, ಅವರೂ ಒತ್ತಾಯ ಮಾಡುತ್ತಿಲ್ಲ.