ಬಿಲ್ ನಮ್ಮದೇ, ಅಕೌಂಟ್ ನಂಬರ್ ಕಳ್ಳನದು

ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ, ಕಾಳುಮೆಣಸಿನ ವ್ಯಾಪಾರ. ಆಲ್ದೂರು, ಮೂಡಿಗೆರೆ, ಕಳಸದ ಕಡೆಯ ಸಣ್ಣ ಬೆಳೆಗಾರರಿಂದ ಮಾಲು ಕೊಂಡು ಹೊರ ಊರಿನ ಪಾರ್ಟಿಗಳಿಗೆ ಕಳಿಸುತ್ತೇವೆ. ಕಳೆದ ಫೆಬ್ರವರಿಯಲ್ಲಿ ನಮಗಾದದ್ದು ಬೇರೆ ಯಾರಿಗೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ತು ಮೂಟೆ ಮೆಣಸು ಕಳಿಸಿ ಹತ್ತು ದಿನ ಆಗಿತ್ತು. ದುಡ್ಡು ಬಂದಿರಲಿಲ್ಲ. ಕೊಯಮತ್ತೂರಿನ ಪಾರ್ಟಿಗೆ ಫೋನ್ ಮಾಡಿದೆ. "ಸೋಮವಾರವೇ ಹಾಕಿದ್ವಲ್ಲ ಸಾರ್, ನೀವೇ ಹೊಸ ಅಕೌಂಟ್ ನಂಬರ್ ಕಳಿಸಿದ್ರಿ" ಅಂದರು. ಎದೆ ಧಸಕ್ಕೆಂದಿತು. ನಾವು ಯಾವ ನಂಬರನ್ನೂ ಕಳಿಸಿರಲಿಲ್ಲ. 6 ಲಕ್ಷ 40 ಸಾವಿರ ರೂಪಾಯಿ.

ಆ ಮೇಲ್‌ನ ಫೋಟೋವನ್ನು ಅವರು ವಾಟ್ಸಾಪ್‌ನಲ್ಲಿ ಕಳಿಸಿದರು. ನಮ್ಮದೇ ಬಿಲ್, ನಮ್ಮದೇ ಜಿಎಸ್‌ಟಿ ನಂಬರ್, ಕೆಳಗೆ ನಮ್ಮದೇ ಸೀಲು. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದ ಮೇಲೆ ಗೊತ್ತಾಯಿತು. ನಮ್ಮ ಮೇಲ್ ವಿಳಾಸದಲ್ಲಿ ಇಂಗ್ಲಿಷಿನ 'ಎಮ್' ಅಕ್ಷರ ಇದೆ. ಅದರ ಜಾಗದಲ್ಲಿ 'ಆರ್', 'ಎನ್' ಎರಡನ್ನೂ ಅಂಟಿಸಿ ಬರೆದಿದ್ದರು. ಫೋನಿನಲ್ಲಿ ಎರಡೂ ಒಂದೇ ತರ ಕಾಣುತ್ತವೆ.

ಆದರೆ ಮೂಟೆ ಎಷ್ಟು, ರೇಟು ಎಷ್ಟು, ಲಾರಿ ಯಾವತ್ತು ಹೊರಟಿತು, ಇದೆಲ್ಲ ಆ ಕಳ್ಳನಿಗೆ ಹೇಗೆ ಗೊತ್ತು?

ಕಂಪ್ಯೂಟರ್ ಕೆಲಸ ಗೊತ್ತಿರುವ ಅಕ್ಕನ ಮಗ ಬಂದು ಮೇಲ್‌ನ ಸೆಟ್ಟಿಂಗ್ಸ್ ತೆರೆದ. ಅಲ್ಲೊಂದು ರೂಲ್ ಇತ್ತು, ಅಂದರೆ ಬಂದ ಮೇಲ್‌ಗಳನ್ನು ಏನು ಮಾಡಬೇಕು ಅಂತ ಮೊದಲೇ ಕೊಟ್ಟಿಡುವ ಸೂಚನೆ. ಇನ್‌ವಾಯ್ಸ್, ಪೇಮೆಂಟ್ ಅನ್ನೋ ಪದ ಇರುವ ಪ್ರತಿ ಮೇಲ್‌ನ ಕಾಪಿ ಯಾವುದೋ ಹೊರಗಿನ ವಿಳಾಸಕ್ಕೆ ಹೋಗುತ್ತಿತ್ತು. ಆಮೇಲೆ ಆ ಮೇಲ್ ಇನ್‌ಬಾಕ್ಸ್‌ನಿಂದ ಎದ್ದು, ನಾವು ಯಾವತ್ತೂ ತೆರೆಯದ 'ಆರ್‌ಎಸ್‌ಎಸ್ ಫೀಡ್ಸ್' ಅನ್ನೋ ಫೋಲ್ಡರಿಗೆ ಸೇರುತ್ತಿತ್ತು. ಕೊಯಮತ್ತೂರಿನವರು ದುಡ್ಡು ಹಾಕುವ ಮುಂಚೆ ನಮ್ಮ ಸರಿಯಾದ ವಿಳಾಸಕ್ಕೂ ಬರೆದು ಕೇಳಿದ್ದರು, ಅಕೌಂಟ್ ಯಾಕೆ ಬದಲಾಯಿತು ಅಂತ. ಆ ಮೇಲ್ ಅದೇ ಫೋಲ್ಡರಿನಲ್ಲಿ, ಯಾರೂ ಓದದೆ ಬಿದ್ದಿತ್ತು.

ಡಿಸೆಂಬರ್‌ನಲ್ಲಿ, ಕೊಯ್ಲಿನ ಗಡಿಬಿಡಿಯಲ್ಲಿ, "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಲಾಗಿನ್ ಆಗಿ" ಅಂತ ಒಂದು ಮೇಲ್ ಬಂದಿತ್ತು. ಲೆಕ್ಕ ನೋಡುವ ಹುಡುಗ ಅದರಲ್ಲಿ ಪಾಸ್‌ವರ್ಡ್ ಹಾಕಿದ್ದ. ಒಟಿಪಿ ಕೇಳುವ ಎರಡನೇ ಹಂತವನ್ನು ನಾವು ಇಟ್ಟೇ ಇರಲಿಲ್ಲ. ಅವನನ್ನು ನಾನು ಬೈಯಲಿಲ್ಲ. ಮುಚ್ಚಿಡದೆ ಹೇಳಿದ್ದಕ್ಕೇ ಶುರುವಾದ ದಿನ ಗೊತ್ತಾಯಿತು. ಎರಡು ತಿಂಗಳು ಕಳ್ಳ ಸುಮ್ನೆ ಕೂತು ನಮ್ಮ ಮೇಲ್ ಓದಿದ್ದಾನೆ.

ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ. ನಾಲ್ಕು ವರ್ಷದಿಂದ ಬೆಳೆಗಾರರು ಕಳಿಸಿದ ಪಾಸ್‌ಬುಕ್, ಪ್ಯಾನ್, ಆಧಾರ್ ಫೋಟೋಗಳೆಲ್ಲ ಅದೇ ಮೇಲ್‌ನಲ್ಲಿದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಕಳಸದ ಹಿರಿಯರೊಬ್ಬರು ಕೋಪ ಮಾಡಿಕೊಳ್ಳಲಿಲ್ಲ. "ಕೆಲಸ ಆದ್ಮೇಲೂ ನನ್ ಆಧಾರ್ ಯಾಕೆ ಇಟ್ಕೊಂಡಿದ್ದೆ ಮಗಾ?" ಅಂತಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಹಳೆಯದನ್ನೆಲ್ಲ ಅಳಿಸಿದ್ದೇವೆ. ಆಧಾರ್ ಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೇಳುತ್ತೇವೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಾಗ ದುಡ್ಡು ಹೋಗಿ ಐದು ದಿನ ಆಗಿತ್ತು. ಅಷ್ಟರಲ್ಲಿ ಅದು ಅಕೌಂಟಿನಿಂದ ಅಕೌಂಟಿಗೆ ಹಾರಿತ್ತು. ತಡೆಹಿಡಿಯೋಕೆ ಆದದ್ದು 58 ಸಾವಿರ ಮಾತ್ರ. ಉಳಿದ ನಷ್ಟವನ್ನು ನಾವೂ ಆ ಪಾರ್ಟಿಯವರೂ ಅರ್ಧರ್ಧ ಹೊತ್ತೆವು. ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಮಾಡಿ, ಬ್ಯಾಂಕಿಗೂ ತಿಳಿಸಿ. ಇನ್ನೊಂದು, ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ, ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಿಂದಲೇ ನಿಯಮ ಇದೆ. ನನಗದು ಗೊತ್ತೇ ಇರಲಿಲ್ಲ.

ನಿಮ್ಮ ಪಾರ್ಟಿಗಳಿಗೆಲ್ಲ ಈಗಲೇ ಹೇಳಿಬಿಡಿ: ನಮ್ಮ ಅಕೌಂಟ್ ಬದಲಾಗಿದೆ ಅಂತ ಮೇಲ್ ಬಂದರೆ, ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಹಾಕಬೇಡಿ ಅಂತ. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗಲ್ಲ, ಅದೂ ಕಳ್ಳನದೇ ಇರಬಹುದು ಅಲ್ವಾ.

ಪಾಸ್‌ವರ್ಡ್ ಬದಲಾಯಿಸಿದರೆ ಸಾಕು ಅಂದುಕೊಳ್ಳಬೇಡಿ. ಬದಲಾಯಿಸಿದ ಮೇಲೂ ಆ ರೂಲ್ ಕೆಲಸ ಮಾಡುತ್ತಲೇ ಇರುತ್ತದೆ. ಇವತ್ತು ಅಂಗಡಿ ಬಾಗಿಲು ಹಾಕುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ರೂಲ್ಸ್, ಫಾರ್ವರ್ಡಿಂಗ್ ಎರಡನ್ನೂ ತೆರೆದು ನೋಡಿ. ನಿಮಗೆ ಗೊತ್ತಿಲ್ಲದ ವಿಳಾಸ ಕಂಡರೆ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಅಳಿಸಿ. ನಾವು ಗಾಬರಿಯಲ್ಲಿ ಅಳಿಸಿಬಿಟ್ಟಿದ್ದೆವು. ಠಾಣೆಯಲ್ಲಿ ಮೊದಲು ಕೇಳಿದ್ದೇ ಆ ವಿಳಾಸ.